ಮರಿಯಮ್ಮನ ಅಕ್ಕತಂಗಿಯರು

ದೌಂಡ ಜಂಕ್ಷನ್ನಿನಿಂದ ಪುಣೆಯ ಕಡೆಗೆ ಹೊರಟರೆ ಪಾಟಸ್ ದಾಟಿ ಸ್ವಲ್ಪ ಹೊತ್ತಿಗೆ ಕೇಡಗಾಂವ ಬರುತ್ತದೆ. ಬೆಂಗಳೂರಿನಿಂದ ಮುಂಬಯಿಗೆ ಹೋಗುವ ಕನ್ನಡಿಗರು ದೌಂಡದಲ್ಲಿ ಚಹಾ ಕುಡಿದು, ಪುಣೆ ಇನ್ನೆಷ್ಟು ದೂರ ಎಂದು ವಿಚಾರಿಸುವಷ್ಟರಲ್ಲಿ ಈ ಊರು ಕಿಟಕಿಯಾಚೆ ಸರಿದುಹೋಗಿರುತ್ತದೆ. ದೌಂಡ ತಾಲ್ಲೂಕಿನ ಈ ಕೇಡಗಾಂವದಲ್ಲೇ 'ಪಂಡಿತಾ ರಮಾಬಾಯಿ ಮುಕ್ತಿ ಮಿಷನ್' ಇದೆ. ಆ ಹೆಸರಿನ ಒಂದೊಂದು ಪದವೂ ಒಂದೊಂದು ಕಡೆಯಿಂದ ಬಂದದ್ದು. 'ಪಂಡಿತಾ' 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಕೊಟ್ಟ ಬಿರುದು. 'ರಮಾ' ತಂದೆತಾಯಿ ಇಟ್ಟದ್ದು. 'ಬಾಯಿ' ಮರಾಠಿಯ ಗೌರವ. 'ಮುಕ್ತಿ' ಆ ಸಂಸ್ಥೆ ಕಟ್ಟಿದ ರಮಾಬಾಯಿಯವರೇ ಆರಿಸಿಕೊಂಡ ಸಂಸ್ಕೃತ ಪದ. ಅವರಿಗೆ ಇನ್ನೂ ಒಂದು ಹೆಸರಿತ್ತು, ಅದು ಮಾತ್ರ ಇಲ್ಲಿಲ್ಲ.

1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್ ಊರಿನಲ್ಲಿ ರಮಾಬಾಯಿ ಪುಟ್ಟ ಮಗಳು ಮನೋರಮೆಯೊಂದಿಗೆ ದೀಕ್ಷಾಸ್ನಾನ ಪಡೆದಾಗ ಅವರಿಗೆ ಇಟ್ಟ ಹೆಸರು 'ಮೇರಿ ರಮಾ'. ಆ ಕಾಲದ ಪತ್ರಗಳ ಕೊನೆಗೆ ಅವರು ಹಾಗೆಯೇ ಸಹಿ ಮಾಡಿದ್ದೂ ಉಂಟು. ಕಾರ್ಕಳದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು, ತಾಯಿ ಲಕ್ಷ್ಮೀಬಾಯಿಯ ಬಾಯಿಂದ ಸಂಸ್ಕೃತ ಕಲಿತವರು, ಅವರು ಮೇರಿಯಾದರು. ರಮಾ ಎಂದರೂ ಲಕ್ಷ್ಮಿಯೇ, ಹಾಗಾಗಿ ತಾಯಿ ಮಗಳಿಬ್ಬರದೂ ಒಂದೇ ದೇವಿಯ ಹೆಸರು. ಅದರ ಮುಂದೆ, ಸಾವಿರಾರು ವರ್ಷ ಹಿಂದೆ ಎಲ್ಲೋ ಪಶ್ಚಿಮ ಏಷ್ಯಾದಲ್ಲಿ ಹುಟ್ಟಿ ಲೋಕವೆಲ್ಲ ಸುತ್ತಿದ ಇನ್ನೊಂದು ಹೆಸರು ಬಂದು ಕೂತಿತು. ಇಷ್ಟು ಮೈಲಿ ನಡೆದ, ಇಷ್ಟು ನಾಲಿಗೆಗಳ ಮೇಲೆ ರೂಪ ಬದಲಿಸಿದ ಹೆಣ್ಣುಹೆಸರು ಇನ್ನೊಂದು ನನಗೆ ಗೊತ್ತಿಲ್ಲ.

ಮೊದಲು ಅದು ಮಿರ್ಯಾಮ್. ಹೀಬ್ರೂ ಗ್ರಂಥಗಳಲ್ಲಿ ಮೋಶೆಯ ಅಕ್ಕನ ಹೆಸರು. ಅರ್ಥ ಏನು ಎಂದು ಕೇಳಿದರೆ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಕಹಿ ಎಂದವರಿದ್ದಾರೆ, ಎದುರು ನಿಲ್ಲುವುದು ಎಂದವರಿದ್ದಾರೆ. ಮೋಶೆ ಬೆಳೆದದ್ದು ಈಜಿಪ್ಟಿನಲ್ಲಿ, ಆದ್ದರಿಂದ ಇದು ಅಲ್ಲಿನ ಭಾಷೆಯ 'ಪ್ರೀತಿಪಾತ್ರೆ' ಎಂಬ ಪದದಿಂದ ಬಂದಿರಬೇಕು ಎಂಬುದು ಇನ್ನೊಂದು ವಾದ. ಇವೆಲ್ಲಕ್ಕಿಂತ ಸೊಗಸಾದದ್ದು ಸಂತ ಜೆರೋಮನ ವಿವರಣೆ. ಹೀಬ್ರೂವಿನಲ್ಲಿ 'ಯಾಮ್' ಎಂದರೆ ಸಮುದ್ರ. ಹಾಗಾಗಿ ಮಿರ್ಯಾಮ್ ಎಂದರೆ ಸಮುದ್ರದ ಹನಿ, ಲ್ಯಾಟಿನ್‌ನಲ್ಲಿ 'ಸ್ಟಿಲ್ಲಾ ಮಾರಿಸ್', ಎಂದು ಅವನು ಬರೆದ. ಪ್ರತಿ ಮಾಡುವವರ ಕೈಯಲ್ಲಿ 'ಸ್ಟಿಲ್ಲಾ' ಹೋಗಿ 'ಸ್ಟೆಲ್ಲಾ' ಆಯಿತು, ಹನಿ ನಕ್ಷತ್ರವಾಯಿತು ಎನ್ನುತ್ತಾರೆ ತಿಳಿದವರು. ಒಂದು ಅಕ್ಷರ ತಪ್ಪಿದ್ದರಿಂದ ಕಡಲಿನ ಮೇಲೆ ಹೋಗುವವರಿಗೆಲ್ಲ ಒಬ್ಬ ತಾಯಿ ಸಿಕ್ಕಳು. ಮಲ್ಪೆ ಬಂದರಿನ ಹತ್ತಿರ ಕಲ್ಮಾಡಿಯಲ್ಲಿ ಇರುವ ಇಗರ್ಜಿಯ ಹೆಸರು ಸ್ಟೆಲ್ಲಾ ಮಾರಿಸ್. ಮಂಗಳೂರಿನ ಕಡೆ ಸ್ಟೆಲ್ಲಾ ಎಂಬ ಹೆಸರಿನವರು ಸಾಕಷ್ಟು ಮಂದಿ ಇದ್ದಾರೆ. ಅದೇ ಮಲ್ಪೆಯ ಎದುರಿಗಿನ, ತುಳುವಿನಲ್ಲಿ ತೋನ್ಸೆಪಾರ್ ಎನ್ನುವ ದ್ವೀಪಕ್ಕೆ 1498ರಲ್ಲಿ ವಾಸ್ಕೋ ಡ ಗಾಮ ಸಾಂತಾ ಮರಿಯಾಳ ಹೆಸರಿಟ್ಟನೆಂಬ ಮಾತಿದೆ. ನಾವಿಂದು ಸೇಂಟ್ ಮೇರೀಸ್ ದ್ವೀಪ ಎನ್ನುತ್ತೇವೆ. ತೋನ್ಸೆಪಾರ್ ಎಂಬ ಹೆಸರನ್ನು ಮೀನುಗಾರರ ಬಾಯಲ್ಲಿ ಮಾತ್ರ ಉಳಿಯಗೊಟ್ಟದ್ದು ಸರಿಯಲ್ಲ, ಪ್ರವಾಸಿಗರ ಫಲಕದಲ್ಲೂ ಅದು ಇರಬೇಕು ಎಂಬುದು ನನ್ನ ಅಭಿಪ್ರಾಯ.

ಯೇಸುವಿನ ಕಾಲಕ್ಕೆ ಪ್ಯಾಲೆಸ್ತೀನಿನಲ್ಲಿ ಹೆಣ್ಣುಮಕ್ಕಳ ನಡುವೆ ಇದರಷ್ಟು ಬಳಕೆಯ ಹೆಸರು ಇನ್ನೊಂದಿರಲಿಲ್ಲ. ಆಗಿನ ಗೋರಿಗಳ ಮೂಳೆಪೆಟ್ಟಿಗೆಗಳ ಮೇಲೆ ಕೆತ್ತಿದ ಹೆಸರುಗಳಿಂದ ಇದು ತಿಳಿಯುತ್ತದೆ. ಹೊಸ ಒಡಂಬಡಿಕೆಯಲ್ಲಿ ಅಷ್ಟೊಂದು ಮರಿಯಂದಿರು ಬರುವುದು ಅದಕ್ಕೇ. ಯಾವ ಮರಿಯ ಎಂದು ಗೊತ್ತಾಗಲು ಊರಿನ ಹೆಸರೋ ಮನೆಯವರ ಹೆಸರೋ ಸೇರಿಸಬೇಕಾಯಿತು. ಮಗ್ದಲದವಳು ಮಗ್ದಲದ ಮರಿಯಳಾದಳು, ಆ ಊರಿನ ಹೆಸರೇ ಮುಂದೆ ಮಗ್ದಲೇನಾ, ಮೆಡಲೀನ್ ಎಂದು ಬೇರೆ ಹೆಣ್ಣುಹೆಸರಾಗಿ ನಿಂತಿತು.

ಗ್ರೀಕಿಗೆ ಬಂದಾಗ ಕೊನೆಯ 'ಮ್' ಉದುರಿ ಮರಿಯಾ ಆಯಿತು. ಲ್ಯಾಟಿನ್ ಜನಕ್ಕೆ ಅದು ಹೊಸದೆನಿಸಲಿಲ್ಲ, ಯಾಕೆಂದರೆ ರೋಮಿನಲ್ಲಿ ಮಾರಿಯುಸ್ ಎಂಬ ಮನೆತನ ಮೊದಲೇ ಇತ್ತು, ಆ ಮನೆಯ ಹೆಣ್ಣುಮಕ್ಕಳು ಮರಿಯಾಗಳೇ. ಎರಡೂ ಬೇರೆ ಬೇರೆ ಬೇರಿನವು. ಇಟಲಿಯ ಮಾರಿಯೋ ಎಂಬ ಹೆಸರು ಮರಿಯಾಳ ಗಂಡುರೂಪವಲ್ಲ, ಆ ರೋಮನ್ ಮನೆತನದ ಕುಡಿ. ಅಲ್ಲಿಂದಾಚೆ ಫ್ರೆಂಚರ ಮಾರೀ, ಇಂಗ್ಲಿಷರ ಮೇರಿ, ವೆಲ್ಷ್ ಜನರ ಮೈರ್, ರಷ್ಯನ್ನರ ಮಾರಿಯಾ ಮತ್ತು ಮನೆಯೊಳಗೆ ಕರೆಯುವ ಮಾಷಾ. ಇಂಗ್ಲಿಷರು ಮುದ್ದಿಗೆ ಮಾಲಿ ಎಂದರು, ಅದರಿಂದ ಪಾಲಿ ಆಯಿತು. ಗಂಡಸರೂ ಬಿಡಲಿಲ್ಲ; ಜರ್ಮನ್ ಕವಿ ರಿಲ್ಕೆಯ ಪೂರ್ತಿ ಹೆಸರಿನ ನಡುವೆ ಮರಿಯಾ ಇದೆ, ಸ್ಪೇನಿನಲ್ಲಿ ಹೊಸೆ ಮರಿಯಾ ಎಂಬ ಗಂಡಸರು ಮನೆಮನೆಗೂ ಇದ್ದಾರೆ.

ಐರಿಷ್ ಜನರ ರೀತಿ ಮಾತ್ರ ನನ್ನನ್ನು ತುಂಬ ಮುಟ್ಟಿದೆ. ಅವರ ಭಾಷೆಯಲ್ಲಿ ಯೇಸುವಿನ ತಾಯಿಗೆ 'ಮುಯ್ರೆ' ಎಂಬ ರೂಪ. ಅದನ್ನು ಬೇರೆ ಯಾರಿಗೂ ಇಡುವುದಿಲ್ಲ, ಮನೆಯ ಮಗಳಿಗೆ ಇಡುವುದು 'ಮಾಯ್ರೆ'. ಒಂದೇ ಹೆಸರನ್ನು ಸೀಳಿ ಒಂದನ್ನು ಗರ್ಭಗುಡಿಗೆ, ಇನ್ನೊಂದನ್ನು ಅಂಗಳಕ್ಕೆ ಕೊಟ್ಟಿದ್ದಾರೆ. ಪೋಲೆಂಡಿನವರೂ ಬಹುಕಾಲ ಮಕ್ಕಳಿಗೆ ಮರಿಯಾ ಎಂದು ನೇರವಾಗಿ ಇಡಲು ಹಿಂಜರಿದು ಮರಿಯಾನಾ ಎಂದು ತುಸು ತಿರುಗಿಸಿ ಇಡುತ್ತಿದ್ದರು. ನಾವು ಕನ್ನಡಿಗರು ಇದಕ್ಕೆ ನೇರ ವಿರುದ್ಧ. ಶಿವ, ಲಕ್ಷ್ಮಿ, ಬಸವ ಎಂದು ದೇವರ ಹೆಸರನ್ನು ಹಾಗೆಯೇ ತೊಟ್ಟಿಲಿಗೆ ತಂದು ದಿನಕ್ಕೆ ನೂರು ಸಲ ಕೂಗುತ್ತೇವೆ, ಬೈಯುವಾಗಲೂ ಅದೇ ಹೆಸರು. ಎರಡರ ಹಿಂದೆಯೂ ಇರುವುದು ಭಕ್ತಿಯೇ.

ಐರಿಷ್ ಮಾಯ್ರೆಗೆ ಮುದ್ದಿನ ಬಾಲ ಸೇರಿ ಆದದ್ದು ಮೌರೀನ್. ಸ್ಪೇನ್, ಪೋರ್ಚುಗಲ್ಲುಗಳಲ್ಲಿ ಮರಿಯಾಳ ಬಿರುದುಗಳೇ ಹೆಸರುಗಳಾದವು. ದುಃಖಗಳ ಮರಿಯಾ ಡೊಲೋರೆಸ್, ಕರುಣೆಗಳ ಮರಿಯಾ ಮರ್ಸಿಡಿಸ್, ಕಾರ್ಮೆಲ್ ಬೆಟ್ಟದ ಮರಿಯಾ ಕಾರ್ಮೆನ್. ಜರ್ಮನಿಯ ಕಾರಿಗೂ ಆ ಹೆಸರು ಬಂದದ್ದು ಎಮಿಲ್ ಯೆಲ್ಲಿನೆಕ್ ಎಂಬ ವ್ಯಾಪಾರಿಯ ಮಗಳನ್ನು ಮನೆಯಲ್ಲಿ ಮರ್ಸಿಡಿಸ್ ಎಂದು ಕರೆಯುತ್ತಿದ್ದುದರಿಂದ. ಮಂಗಳೂರಿನ ಒಂದು ಕೊಂಕಣಿ ಕುಟುಂಬದಲ್ಲಿ ಮೌರೀನ್, ಕಾರ್ಮೆನ್, ಸ್ಟೆಲ್ಲಾ ಎಂಬ ಮೂವರು ಅಕ್ಕತಂಗಿಯರಿದ್ದರೆ ಆ ಮೂವರ ಹೆಸರೂ ಒಬ್ಬಳೇ ತಾಯಿಯ ಸುತ್ತ ಹುಟ್ಟಿದ್ದು.

ಇಂಗ್ಲಿಷರು ಹೂವಿಗೂ ಇವಳ ಹೆಸರಿಟ್ಟರು. ನಮ್ಮ ದಸರೆ, ದೀಪಾವಳಿಯ ಚೆಂಡುಹೂವು ಅವರಿಗೆ ಮೇರಿಗೋಲ್ಡ್, ಮೇರಿಯ ಚಿನ್ನ. ಮೂಲದಲ್ಲಿ ಅದು ಯುರೋಪಿನ ಇನ್ನೊಂದು ಹೂವಿನ ಹೆಸರು. ಮೆಕ್ಸಿಕೋದಿಂದ ಚೆಂಡುಹೂವು ಬಂದಾಗ ಅದಕ್ಕೂ ಅಂಟಿಕೊಂಡಿತು. ಇನ್ನು ನಾವು ಚಹಾದಲ್ಲಿ ಅದ್ದಿ ತಿನ್ನುವ ಮಾರಿ ಬಿಸ್ಕತ್ತು. 1874ರಲ್ಲಿ ರಷ್ಯಾದ ರಾಜಕುಮಾರಿ ಮಾರಿಯಾ ಅಲೆಕ್ಸಾಂದ್ರೊವ್ನಾ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಮಗನನ್ನು ಮದುವೆಯಾದಾಗ ಲಂಡನ್ನಿನ ಪೀಕ್ ಫ್ರೀನ್ಸ್ ಬೇಕರಿಯವರು ಅವಳ ಹೆಸರಿನಲ್ಲಿ ಈ ಬಿಸ್ಕತ್ತು ತಂದರು. ಹೆಸರು ಬರೆದದ್ದು ಫ್ರೆಂಚ್ ರೂಪದಲ್ಲಿ. ದೌಂಡದ ಪ್ಲಾಟ್‌ಫಾರಂ ಮೇಲೆ ಮಾರಿ ಬಿಸ್ಕತ್ತಿನ ಪೊಟ್ಟಣ ಒಡೆಯುವವರ ಕೈಯಲ್ಲೂ ಮೋಶೆಯ ಅಕ್ಕನ ಹೆಸರೇ ಇರುತ್ತದೆ.

ಕನ್ನಡ ನಾಡಿಗೆ ಈ ಹೆಸರು ಒಂದೇ ಬಾಗಿಲಿನಿಂದ ಬರಲಿಲ್ಲ. ಪೋರ್ಚುಗೀಸರ ಹಡಗಿನಲ್ಲಿ ಬಂತು, ಕೇರಳದ ಸಿರಿಯನ್ ಕ್ರೈಸ್ತರ ಕಡೆಯಿಂದ ಬಂತು, ಇಂಗ್ಲಿಷ್ ಶಾಲೆಗಳಿಂದ ಮೇರಿಯಾಗಿ ಬಂತು. ಅರಬ್ಬೀ ಬಾಗಿಲಿನಿಂದ ಮರ್ಯಮ್ ಆಗಿ ಬಂತು. ಕುರ್‌ಆನ್‌ನ 19ನೇ ಅಧ್ಯಾಯದ ಹೆಸರೇ ಮರ್ಯಮ್. ಆ ಗ್ರಂಥದಲ್ಲಿ ಹೆಸರು ಹಿಡಿದು ಹೇಳಿದ ಹೆಂಗಸು ಆಕೆ ಒಬ್ಬಳೇ. ಉತ್ತರ ಕರ್ನಾಟಕದಲ್ಲಿ ಅದು ಮರಿಯಂಬಿ. ದಕ್ಷಿಣ ಕನ್ನಡ, ಕಾಸರಗೋಡುಗಳ ಬ್ಯಾರಿ ಮನೆಗಳಲ್ಲಿ ಅದು ಮರಿಯಮ್ಮ. ಆಯಿಶಮ್ಮ, ನಫೀಸಮ್ಮ, ಬೀಫಾತಿಮ್ಮರ ಸಾಲಿನಲ್ಲಿ ಸಹಜವಾಗಿ ನಿಲ್ಲುವ ಮರಿಯಮ್ಮ. ಹಳೆ ಮೈಸೂರಿನ ಕಡೆಯ ಕ್ಯಾಥೊಲಿಕ್ ರೈತರ ಮನೆಗಳಲ್ಲೂ, ಚೌರಪ್ಪ, ಇನ್ನಾಸಪ್ಪ, ಅರುಳಪ್ಪರ ಜೊತೆಗೆ ಇದೇ ಮರಿಯಮ್ಮ. ಒಬ್ಬಳ ಹೆಸರು ಅರಬ್ಬಿಯಿಂದ, ಇನ್ನೊಬ್ಬಳದು ಲ್ಯಾಟಿನ್ನಿನಿಂದ. ಇಬ್ಬರಿಗೂ 'ಅಮ್ಮ' ಕೊಟ್ಟದ್ದು ಈ ನೆಲ. ಸಂತೆಯಲ್ಲಿ ಯಾರೋ 'ಮರಿಯಮ್ಮಾ' ಎಂದು ಕೂಗಿದರೆ ಇಬ್ಬರೂ ತಿರುಗಿ ನೋಡುತ್ತಾರೆ.

ಇಲ್ಲಿ ಇನ್ನೂ ಒಂದು ಸಂಗತಿ. ಕನ್ನಡದಲ್ಲಿ 'ಮರಿ' ಎಂದರೆ ಚಿಕ್ಕದು, ಮುದ್ದಾದದ್ದು. ಮರಿಗೌಡ, ಮರಿಸ್ವಾಮಿ, ಮರಿಮಲ್ಲಪ್ಪ ಎಂಬ ಹೆಸರುಗಳು ಮೊದಲಿನಿಂದ ಇದ್ದವು. ಹೊರಗಿನಿಂದ ಬಂದ ಮರಿಯಮ್ಮ ಆ ಸಾಲಿನಲ್ಲಿ ಯಾರಿಗೂ ಪರಕೀಯಳೆನಿಸಲಿಲ್ಲ. ಊರ ಹೊರಗಿನ ಗುಡಿಯ ಮಾರಿಯಮ್ಮ ಮಾತ್ರ ಬೇರೆ ವಂಶದವಳು. ಮಾರಿ, ಮಾರಮ್ಮ ನಮ್ಮ ನೆಲದ ದೇವಿ. ದೀರ್ಘವೊಂದರ ವ್ಯತ್ಯಾಸ ನೋಡಿ ಇಬ್ಬರನ್ನೂ ಒಬ್ಬಳೇ ಎನ್ನುವವರಿದ್ದಾರೆ. ಉಚ್ಚಾರ ಹತ್ತಿರವಾದ ಮಾತ್ರಕ್ಕೆ ಮೂಲ ಒಂದಾಗುವುದಿಲ್ಲ. ಭಕ್ತರು ಎರಡೂ ಕಡೆ ಹರಕೆ ಹೊರುತ್ತಾರೆ ಎಂಬುದು ನಿಜ, ಅದು ಬೇರೆ ಮಾತು.

ಬೈಬಲ್ ಕನ್ನಡಕ್ಕೆ ಬಂದಾಗ ಒಂದೇ ಹೆಸರು ಎರಡಾಯಿತು. ಹಳೆ ಒಡಂಬಡಿಕೆ ಹೀಬ್ರೂವಿನದು, ಆದ್ದರಿಂದ ಮೋಶೆಯ ಅಕ್ಕ ಮಿರ್ಯಾಮಳು. ಹೊಸ ಒಡಂಬಡಿಕೆ ಗ್ರೀಕಿನದು, ಆದ್ದರಿಂದ ಯೇಸುವಿನ ತಾಯಿ ಮರಿಯಳು. ಯೇಸುವಿನ ತಾಯಿಗೆ ಮಿರ್ಯಾಮಳ ಹೆಸರನ್ನೇ ಇಟ್ಟಿದ್ದರು ಎಂಬುದು ಓದುವವರಿಗೆ ಹೊಳೆಯುವುದೇ ಇಲ್ಲ. ಮರಾಠಿಯಲ್ಲೂ ಹೀಗೆಯೇ ಎರಡು ರೂಪ.

ಈ ಗಂಟಿನ ಎರಡೂ ತುದಿಯನ್ನು ಕೈಯಲ್ಲಿ ಹಿಡಿದವರು ರಮಾಬಾಯಿ. ಕ್ಷಾಮದಲ್ಲಿ ಅನಾಥರಾದ ಹೆಣ್ಣುಮಕ್ಕಳನ್ನು, ವಿಧವೆಯರನ್ನು ಕೇಡಗಾಂವಕ್ಕೆ ಕರೆತಂದು ಸಾಕುವ ನಡುವೆ ಅವರು ಹೀಬ್ರೂ, ಗ್ರೀಕ್ ಕಲಿತು, ಮೂಲದಿಂದಲೇ ಇಡೀ ಬೈಬಲನ್ನು ಮರಾಠಿಗೆ ತಂದರು. ವಿದ್ವಾಂಸರ ಮರಾಠಿ ಬೇಡ, ಹೊಲದಲ್ಲಿ ದುಡಿಯುವ ಹೆಂಗಸಿಗೂ ತಿಳಿಯಬೇಕು ಎಂಬ ಹಟ ಅವರದು. ಮುಕ್ತಿಯ ಛಾಪಖಾನೆಯಲ್ಲಿ ಮೊಳೆ ಜೋಡಿಸಿದವರೂ ಅಲ್ಲಿನ ಹೆಣ್ಣುಮಕ್ಕಳೇ. ಹಸಿವಿನಿಂದ ಎಲುಬಿನ ಹಂದರವಾಗಿ ಬಂದ ಹುಡುಗಿಯರು ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಮಿರ್ಯಾಮಳನ್ನೂ ಮರಿಯಳನ್ನೂ ಸಾಲಿಗೆ ಕೂರಿಸಿದರು. ರಮಾಬಾಯಿ 1922ರ ಏಪ್ರಿಲ್ 5ರಂದು ತೀರಿಕೊಂಡರು, ಪೂರ್ಣ ಬೈಬಲ್ ಪ್ರಕಟವಾದದ್ದು 1924ರಲ್ಲಿ.

ಇಷ್ಟಾಗಿಯೂ ಅವರು ಮೇರಿಯಾಗಿ ಉಳಿಯಲಿಲ್ಲ. ಅದಕ್ಕೆ ಕಾರಣ ವಾಂಟೇಜಿನ ದಿನಗಳಲ್ಲೇ ಕಾಣುತ್ತದೆ. ಅಲ್ಲಿನ ಸಿಸ್ಟರ್ ಜೆರಾಲ್ಡೀನ್ ಅವರಿಗೂ ರಮಾಬಾಯಿಗೂ ಶಿಲುಬೆಯ ಮೇಲಿನ ಬರಹದ ಬಗ್ಗೆ ವಾದ ನಡೆಯಿತು. ಲ್ಯಾಟಿನ್ ಅಕ್ಷರಗಳೇ ಯಾಕಿರಬೇಕು, ಸಂಸ್ಕೃತದಲ್ಲಿ ಯಾಕಿರಬಾರದು, ಲ್ಯಾಟಿನ್ನಿಗೆ ಇಲ್ಲದ ಯಾವ ಕೊರತೆ ನಮ್ಮ ಸಂಸ್ಕೃತಕ್ಕಿದೆ ಎಂಬುದು ಅವರ ಪ್ರಶ್ನೆ. ದೇವರನ್ನು ಬದಲಿಸಿದರು, ಆದರೆ ಆ ದೇವರನ್ನು ಕರೆಯುವ ಭಾಷೆಯನ್ನು ಬೇರೆಯವರು ಹೇಳಿಕೊಡುವುದನ್ನು ಒಪ್ಪಲಿಲ್ಲ. ಶಾರದಾ ಸದನ, ಮುಕ್ತಿ ಎಂದೇ ಸಂಸ್ಥೆಗಳಿಗೆ ಹೆಸರಿಟ್ಟರು. ಹೆಣ್ಣಿಗೆ ಸಂಸ್ಕೃತ ಕಲಿಸಬಹುದು ಎಂದು ಉಡುಪಿಯಲ್ಲಿ ಶಾಸ್ತ್ರಿಗಳ ಮುಂದೆ ಶಾಸ್ತ್ರದಿಂದಲೇ ವಾದಿಸಿ ಬಂದ ತಂದೆಯ ಮಗಳು ಆಕೆ. ರಮಾ ಎಂಬ ಹೆಸರಿನಲ್ಲಿ ಆ ತಂದೆತಾಯಿ ಇದ್ದರು, ಅದನ್ನು ಅವರು ಬಿಟ್ಟುಕೊಡಲಿಲ್ಲ. ಮೇರಿಯನ್ನೂ ತಳ್ಳಿಹಾಕಲಿಲ್ಲ. ಒಬ್ಬರಿಗೆ ಎರಡು ಹೆಸರಿರಬಹುದು, ಒಂದು ಇನ್ನೊಂದನ್ನು ನುಂಗಬೇಕಾಗಿಲ್ಲ ಎಂದು ನಾನು ಕಲಿತದ್ದು ಅವರಿಂದ. ದೌಂಡದಿಂದ ಇನ್ನೊಂದು ದಿಕ್ಕಿಗೆ ಸೊಲ್ಲಾಪುರ ದಾಟಿ ಹೋಗುವ ಅದೇ ಹಳಿಯ ಮೇಲೆ ಕಲಬುರಗಿ ಇದೆ. 1912ರಲ್ಲಿ ರಮಾಬಾಯಿ ಅಲ್ಲೊಂದು ಹೈಸ್ಕೂಲು ತೆರೆದರು, ಮಗಳು ಮನೋರಮಾ ಅದರ ಮುಖ್ಯಸ್ಥೆಯಾದರು. ಕನ್ನಡ ನೆಲದ ಮಗಳ ಕೆಲಸ ಕನ್ನಡ ನೆಲಕ್ಕೂ ಮುಟ್ಟಿತು ಎಂಬುದು ನಮಗೆ ಶಾಲೆಯ ಪಠ್ಯದಲ್ಲಿ ಗೊತ್ತಾಗಬೇಕಿತ್ತು.

ಈಗಿನ ಮರಿಯಮ್ಮಂದಿರ ಹೆಸರಿನ ಕಷ್ಟ ಬೇರೆ ಬಗೆಯದು. ಮತದಾರರ ಪಟ್ಟಿಯಲ್ಲಿ ಮರಿಯಮ್ಮ, ಆಧಾರ್‌ನಲ್ಲಿ ಮರಿಯಮ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೇರಿಯಮ್ಮ ಎಂದಿದ್ದರೆ ಆ ಮುದುಕಿಯ ಪಿಂಚಣಿ ನಿಲ್ಲುತ್ತದೆ. ಅವಳೇ ಇವಳು ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿಗೆ ದುಡ್ಡು ಕೊಟ್ಟು, ಮತ್ತೆ ಸಾಲಿನಲ್ಲಿ ನಿಲ್ಲಬೇಕು. ತಪ್ಪು ಬರೆದವರು ಕೌಂಟರಿನ ಆಚೆಗಿದ್ದವರು, ಅಲೆಯುವವಳು ಅವಳು. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಅದನ್ನು ಯಂತ್ರ ಮತ್ತೆ ಕನ್ನಡಕ್ಕೆ ತಿರುಗಿಸುವಾಗ ಆಗುವ ಅನಾಹುತ ಇದು. ಅರ್ಜಿ ತುಂಬುವವರು ಮೊದಲು 'ನಿಮ್ಮ ಹೆಸರು ಹೇಗೆ ಹೇಳುತ್ತೀರಮ್ಮ?' ಎಂದು ಕೇಳಿ, ಅವಳು ಹೇಳಿದ ಹಾಗೆ ಕನ್ನಡದಲ್ಲಿ ಮೊದಲು ಬರೆದುಕೊಂಡು, ಇಂಗ್ಲಿಷ್ ಆಮೇಲೆ ಬರೆಯಲಿ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಅವಳಿಗೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲಿ.