ಸೂಜಿಕಾಯಕ ಮತ್ತು ಕೌದಿ

12ನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆಯೂ ಒಬ್ಬರು. ಹೆಸರಿನೊಡನೆ ಕಾಯಕವೂ ಬೆಸೆದಿರುವುದರಿಂದ ಸೂಜಿ ಹಿಡಿದ ಕೈಯೊಂದು ಚರಿತ್ರೆಯಲ್ಲಿ ಉಳಿಯಿತು. ಮನೆಯೊಳಗೆ ಸೂಜಿ ಹಿಡಿದ ತಾಯಂದಿರ ಹೆಸರಾದರೋ ಯಾವ ಗ್ರಂಥದಲ್ಲಿಯೂ ಇಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಗಳೂ ಸೇರಿದಂತೆ ಉತ್ತರ ಕರ್ನಾಟಕದಲ್ಲೆಲ್ಲ ಅವರು ಬಿಟ್ಟುಹೋದುದು ಕೌದಿಯನ್ನು.

ಸವೆದ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಒಳಮುಖವಾಗಿ ಸಾಲುಸಾಲಾಗಿ ಕೈಹೊಲಿಗೆ ಹಾಕುವರು. ಬಿಡಿಯಾಗಿ ಹರಿದುಹೋಗುವ ಬಟ್ಟೆ ಒತ್ತಾದ ಹೊಲಿಗೆಯಿಂದ ಗಟ್ಟಿಯಾಗಿ ಮತ್ತೆ ವರ್ಷಗಟ್ಟಲೆ ಬಾಳುತ್ತದೆ. ಅಜ್ಜಿಯ ಸೀರೆ ಮೊಮ್ಮಗುವಿನ ಹೊದಿಕೆಯಾಗುವುದು ಹೀಗೆ. ಇದನ್ನು ಬಡತನದ ಗುರುತೆಂದಷ್ಟೇ ಬಗೆಯುವುದು ಸರಿಯಲ್ಲ. ನೇಯ್ದವನ ದುಡಿಮೆಯನ್ನು ಕೊನೆಯ ಎಳೆಯವರೆಗೂ ಮನ್ನಿಸುವ ಬಗೆಯಿದು.

ಹತ್ತಿಯ ಸೀರೆಯ ಜಾಗಕ್ಕೆ ಪಾಲಿಯೆಸ್ಟರ್ ಬಂದಮೇಲೆ ಕೌದಿಗೊದಗುವ ಮೆತ್ತನೆಯ ಹಳೆಬಟ್ಟೆಯೇ ವಿರಳವಾಗಿದೆ. ಹಳೆಯ ಕೌದಿಗಳು ಮಾತ್ರ ಮನೆಯ ಟ್ರಂಕುಗಳಲ್ಲಿ, ಹೊಲಿದವರ ಹೆಸರಿಲ್ಲದೆ ಮಡಿಚಿಟ್ಟಿವೆ.