ಮಳೆಯನ್ನು ಅಳೆದವರು

ಪೇಟೆಯಲ್ಲಿರುವ ನಮಗೆ ಮೆಕ್ಕೆಜೋಳವೆಂದರೆ ಮಳೆಗಾಲದ ಸಂಜೆ ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ಸವರಿ ಕೊಡುವ ತೆನೆ. ಅದು ಬೇರೆ ವೇಷಗಳಲ್ಲೂ ನಮ್ಮ ಮನೆಯೊಳಗೆ ಬರುತ್ತದೆಂಬುದು ಹೊಳೆಯುವುದೇ ಇಲ್ಲ. ಗೋಬಿಗೆ ಕಲಸುವ ಕಾರ್ನ್‌ಫ್ಲೋರ್, ಮಕ್ಕಳ ಕಸ್ಟರ್ಡ್, ಗಿರಣಿಯಲ್ಲಿ ನೂಲಿಗೆ ಹಾಕುವ ಗಂಜಿ ಎಲ್ಲ ಅದರದೇ. ಕೋಳಿಯ ಆಹಾರದಲ್ಲಿ ಅರ್ಧದಷ್ಟು ಅದೇ ಆದ್ದರಿಂದ ಮೊಟ್ಟೆಯೂ ಒಂದು ಲೆಕ್ಕದಲ್ಲಿ ಮೆಕ್ಕೆಜೋಳವೇ! ಈಚೆಗೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗೂ ಬೇಕಂತೆ.

ಇದರ ತವರು ಮೆಕ್ಸಿಕೋ. ಭಾರತದಲ್ಲಿ 1961ರಲ್ಲಿ ಮೊದಲ ಹೈಬ್ರಿಡ್ ತಳಿಗಳು ಬಿಡುಗಡೆಯಾದವು. ಮುಂದೆ ದಾವಣಗೆರೆ, ಹಾವೇರಿ ಸೀಮೆಯ ಬಿಳಿಜೋಳ, ಹತ್ತಿಯ ಹೊಲಗಳನ್ನು ಈ ಗೋವಿನಜೋಳ ಆವರಿಸಿಕೊಂಡಿತು. ನನ್ನ ತವರೂ ಅದೇ ಸೀಮೆ.

ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆಗಳಿರುತ್ತವಲ್ಲ, ಒಂದೊಂದು ಎಳೆಯೂ ಒಂದೊಂದು ಕಾಳಿನದು. ಗಿಡದ ನೆತ್ತಿಯ ಸೂಲಂಗಿಯಿಂದ ಉದುರಿದ ಪರಾಗ ಆ ಎಳೆಯನ್ನು ಮುಟ್ಟಿದರೆ ಮಾತ್ರ ಕಾಳು. ಆ ಕೆಲವೇ ದಿನ ಮಳೆ ಕೈಕೊಟ್ಟರೆ ಎಳೆ ಒಣಗಿ ಕಾಳಿನ ಜಾಗ ಖಾಲಿ ಉಳಿಯುತ್ತದೆ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರಲ್ಲಿ ನಮ್ಮ ಅತ್ತಿಗೆ ಸಿಪ್ಪೆ ಸುಲಿದು ತೋರಿಸಿದ ತೆನೆ ಹಲ್ಲುದುರಿದ ಮುದುಕಿಯ ಬಾಯಿಯಂತಿತ್ತು.

ಈ ನಷ್ಟವನ್ನು ಅಳೆಯುವುದು ಹೇಗೆಂದು ಮೊದಲು ಚಿಂತಿಸಿದವರಲ್ಲಿ ಒಬ್ಬರು ನಮ್ಮ ಮೈಸೂರು ಸಂಸ್ಥಾನದಲ್ಲೇ ಇದ್ದರು. ಅವರು ಜೆ. ಎಸ್. ಚಕ್ರವರ್ತಿ, ಸಂಸ್ಥಾನದ ವಿಮಾ ಸಮಿತಿಯ ಅಧ್ಯಕ್ಷರು. 1876-78ರ ಧಾತು ಈಶ್ವರ ಬರದ ನೆನಪು ಜನರಲ್ಲಿ ಇನ್ನೂ ಆರಿರದ ಕಾಲ. 1915ರ ಸುಮಾರಿಗೆ ಅವರು ಮಳೆಯ ವಿಮೆಯ ಯೋಜನೆಯೊಂದನ್ನು ಮುಂದಿಟ್ಟರು. 1920ರಲ್ಲಿ ಅದು ಪುಸ್ತಕವಾಯಿತು. ಹೊಲ ಹೊಲಕ್ಕೆ ಹೋಗಿ ನಷ್ಟ ನೋಡುವುದು ಆಗದ ಮಾತು. ಮಳೆಮಾಪಕ ಸುಳ್ಳು ಹೇಳುವುದಿಲ್ಲ. ಮಳೆ ಇಷ್ಟಕ್ಕಿಂತ ಕಡಿಮೆಯಾದರೆ ಹಣ ಕೊಡಿ, ಎಂಬುದು ಅವರ ವಾದ. ಎಷ್ಟು ಸರಳ! ಆದರೂ ಅಂದು ಅದು ಕಾಗದದಲ್ಲೇ ಉಳಿಯಿತು.

ಸ್ವಾತಂತ್ರ್ಯಾನಂತರ 1979ರಲ್ಲಿ ಪ್ರೊ. ವಿ. ಎಂ. ದಾಂಡೇಕರ್ ಅವರ ಸಲಹೆಯಂತೆ, ಒಬ್ಬೊಬ್ಬ ರೈತನದಲ್ಲ, ಒಂದು ಪ್ರದೇಶದ ಸರಾಸರಿ ಇಳುವರಿಯನ್ನು ಅಳೆಯುವ ಪ್ರಯೋಗ ಆರಂಭವಾಯಿತು. 1985ರಲ್ಲಿ ಅದು ದೇಶವ್ಯಾಪಿ ಯೋಜನೆಯಾಯಿತು. ಚಕ್ರವರ್ತಿಯವರ ಮಳೆ ಲೆಕ್ಕ ಮರಳಿ ಬರಲು ಈ ಶತಮಾನವೇ ಬೇಕಾಯಿತು: 2007ರಲ್ಲಿ ಕರ್ನಾಟಕದಲ್ಲೇ ಹವಾಮಾನ ಆಧಾರಿತ ವಿಮೆಯ ಸರ್ಕಾರಿ ಪ್ರಯೋಗ ನಡೆಯಿತು. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಮೆಕ್ಕೆಜೋಳಕ್ಕೆ ರೈತ ಕಟ್ಟುವುದು ವಿಮಾ ಮೊತ್ತದ 2 ಶೇಕಡಾ.

ಸರಾಸರಿಯ ಲೆಕ್ಕದಲ್ಲಿ ಒಂದು ತೊಡಕಿದೆ. ಪಂಚಾಯಿತಿಯ ಬೇರೆ ಹೊಲಗಳು ಚೆನ್ನಾಗಿ ಬೆಳೆದರೆ ನಮ್ಮ ಹೊಲದ ಬೊಕ್ಕತೆನೆ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಅದಕ್ಕಿಂತ ನನ್ನನ್ನು ಕಾಡುವ ತೊಡಕು ಇನ್ನೊಂದು. ಬೀಜ ಊರುವವಳು, ಕಳೆ ಕೀಳುವವಳು, ತೆನೆ ಸುಲಿಯುವವಳು ಅತ್ತಿಗೆ. ಪಹಣಿಯಲ್ಲಿರುವುದು ಅಣ್ಣನ ಹೆಸರು. ಹಣ ಬಂದರೆ ಬರುವುದು ಅವನ ಖಾತೆಗೆ.

ಮಳೆಯನ್ನು ಅಳೆಯಲು ಮೈಸೂರಿನವರಿಗೆ ಒಂದು ಶತಮಾನದ ಹಿಂದೆಯೇ ಉಪಾಯ ತಿಳಿದಿತ್ತು. ಹೊಲದಲ್ಲಿ ಸುರಿದ ಹೆಣ್ಣಿನ ಬೆವರನ್ನು ಅಳೆಯುವ ಮಾಪಕ ಬೇಕಿಲ್ಲ. ಪಹಣಿಯಲ್ಲಿ ಅವಳಿಗೂ ಒಂದು ಸಾಲು ಸಿಕ್ಕರೆ ಸಾಕು.