ಸೊಂಟದ ಕೀಲು ಬದಲಿಸಿದ ಮೇಲಿನ ನೋವಿಗೆ ನರ್ವ್ ಬ್ಲಾಕ್

ಸೊಂಟದ ಕೀಲು ಬದಲಿಸಿದವರನ್ನು ಆ ದಿನವೇ, ತಪ್ಪಿದರೆ ಮರುದಿನ, ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಮಲಗೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಆದರೆ ಆಪರೇಷನ್‌ಗೆಂದು ಬೆನ್ನಿಗೆ ಕೊಟ್ಟ ಅರಿವಳಿಕೆ ಇಂಜೆಕ್ಷನ್ ಕೆಲವು ಗಂಟೆಗಳಲ್ಲಿ ಇಳಿದು ನೋವು ಏರತೊಡಗುತ್ತದೆ. ಮಾರ್ಫಿನ್ ಜಾತಿಯ ಔಷಧ ಹೆಚ್ಚಿಸಿದರೆ ವಾಂತಿ, ಮಂಪರು, ಮಲಬದ್ಧತೆ; ವಯಸ್ಸಾದವರಿಗೆ ದಿಕ್ಕುತೋಚದ ಗೊಂದಲ. ಆ ಔಷಧವನ್ನು ಕಡಿಮೆ ಮಾಡಲೆಂದೇ ನರ್ವ್ ಬ್ಲಾಕ್: ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ, ನರದ ಬಳಿ ಬುಪಿವಕೇನ್ ಅಥವಾ ರೋಪಿವಕೇನ್‌ನಂಥ ಮರಗಟ್ಟಿಸುವ ಔಷಧ ಬಿಡುವುದು.

ಕೀಲಿಗೆ ಹೋಗುವ ನರಗಳು

ಕೀಲನ್ನು ಸುತ್ತಿದ ಚೀಲದ ಮುಂಭಾಗಕ್ಕೆ ಫೆಮೊರಲ್ ಮತ್ತು ಆಬ್ಚುರೇಟರ್ ನರಗಳ ಕವಲುಗಳು ಬರುತ್ತವೆ. ನೋವಿನ ಅರಿವು ಹೆಚ್ಚಿರುವುದು ಇಲ್ಲೇ. ಹಿಂಭಾಗದ ನರಗಳು ಬೇರೆ, ಕೊಯ್ದ ಚರ್ಮದ ನರಗಳು ಇನ್ನೂ ಬೇರೆ. ಆದ್ದರಿಂದ ಒಂದೇ ಚುಚ್ಚಿಗೆ ನೋವೆಲ್ಲ ಹೋಗುತ್ತದೆಂದು ಯಾರೂ ರೋಗಿಗೆ ಮಾತು ಕೊಡಬಾರದು.

ತೊಡೆಯ ಬಲ ಉಳಿಯಬೇಕು

ಮಂಡಿಯನ್ನು ನೆಟ್ಟಗೆ ನಿಲ್ಲಿಸುವ ತೊಡೆಯ ಸ್ನಾಯುವಿಗೆ ಬಲ ಕೊಡುವುದೂ ಫೆಮೊರಲ್ ನರವೇ. ಅದನ್ನು ಪೂರ್ತಿ ಮರಗಟ್ಟಿಸಿದರೆ ನೋವು ತಗ್ಗುತ್ತದೆ ನಿಜ, ಎದ್ದು ನಿಂತಾಗ ಮಂಡಿ ಕುಸಿಯುತ್ತದೆ. ಹೊಸ ಕೀಲಿಟ್ಟ ದಿನ ಬೀಳುವುದಕ್ಕಿಂತ ಕೆಟ್ಟದ್ದೇನಿದೆ? 1989ರಲ್ಲಿ ಡಾಲೆನ್ಸ್ ತಂಡ ಮಕ್ಕಳಿಗಾಗಿ ವಿವರಿಸಿದ ಫೇಷಿಯಾ ಇಲಿಯಾಕಾ ಬ್ಲಾಕ್ ಈಗ ದೊಡ್ಡವರಿಗೂ ಬಳಕೆಯಲ್ಲಿದೆ. ಅದರಲ್ಲೂ ಈ ತೊಡಕು ತಪ್ಪಿದ್ದಲ್ಲ.

2018ರಲ್ಲಿ ಪ್ರಕಟವಾದ ಪೆಂಗ್ ಬ್ಲಾಕ್ ಹೊರಟಿದ್ದು ಬೇರೆ ದಾರಿಯಲ್ಲಿ. ಮೊದಲು ಸೊಂಟದ ಮೂಳೆ ಮುರಿದವರಿಗೆ ಕೊಟ್ಟದ್ದು. ನರದ ಕಾಂಡವನ್ನು ಬಿಟ್ಟು, ಸೋಯಾಸ್ ಸ್ನಾಯುರಜ್ಜುವಿನ ಹಿಂದೆ, ಮೂಳೆಗೆ ಅಂಟಿದಂತೆ ಸುಮಾರು 20 ಮಿಲಿಲೀಟರ್ ಔಷಧ ಹರಿಸಿ ಕೀಲಿನ ಕವಲುಗಳನ್ನಷ್ಟೇ ತಡೆಯುವುದು ಇದರ ಉದ್ದೇಶ. (ಹೆಸರು ಇಂಗ್ಲಿಷ್ ಮೊದಲಕ್ಷರಗಳಿಂದ ಬಂದದ್ದು, ಇದನ್ನು ಪ್ರಕಟಿಸಿದ ತಂಡದಲ್ಲಿದ್ದ ಟೊರಾಂಟೊದ ವೈದ್ಯರೊಬ್ಬರ ಹೆಸರೂ ಪೆಂಗ್.) ಆದರೂ ಔಷಧ ಹರಡಿ ಫೆಮೊರಲ್ ನರ ಮುಟ್ಟಿದರೆ ಇಲ್ಲಿಯೂ ಕಾಲು ಸೋಲುತ್ತದೆ. ಯಾವ ಬ್ಲಾಕ್ ಕೊಟ್ಟಿದ್ದರೂ ಮಂಡಿ ನೇರ ಚಾಚಿ ಹಿಡಿಯಬಲ್ಲರೇ ಎಂದು ನೋಡದೆ ರೋಗಿಯನ್ನು ಎಬ್ಬಿಸಬಾರದು.

ರೋಗಿ ಹೇಳಬೇಕಾದ್ದು

ರಕ್ತ ತೆಳುವಾಗಿಸುವ ಮಾತ್ರೆ, ಅಲರ್ಜಿ, ಕಾಲಿನಲ್ಲಿ ಮೊದಲಿನಿಂದಲೂ ಇರುವ ಜೋಮು, ಇವನ್ನು ಅರಿವಳಿಕೆ ತಜ್ಞರಿಗೆ ಮುಂಚೆಯೇ ತಿಳಿಸಬೇಕು. ಚುಚ್ಚಿದ ಮೇಲೆ ತುಟಿ ಜೋಮು ಹಿಡಿದರೆ, ಬಾಯಲ್ಲಿ ಲೋಹದ ರುಚಿ ಬಂದರೆ, ಕಿವಿ ಗುಂಯ್ಗುಟ್ಟಿದರೆ ಸುಮ್ಮನಿರಬೇಡಿ. ಔಷಧ ರಕ್ತಕ್ಕೆ ಸೇರಿದ ಸೂಚನೆ ಅದಾಗಿರಬಹುದು. ಅದಕ್ಕೆ 20% ಕೊಬ್ಬಿನ ದ್ರಾವಣದ ಚಿಕಿತ್ಸೆಯಿದೆ.

ಒಮ್ಮೆ ಕೊಟ್ಟ ಬ್ಲಾಕ್ ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನದೊಳಗೆ ಇಳಿಯುತ್ತದೆ. ಬೆಳಗ್ಗೆ ಆಪರೇಷನ್ ಆದವರಿಗೆ ನಡುರಾತ್ರಿಯ ಹೊತ್ತಿಗೇ ಇಳಿದೀತು. ಪ್ಯಾರಾಸಿಟಮಾಲ್‌ನಂಥ ಮಾತ್ರೆಗಳನ್ನು ವೈದ್ಯರು ಹೇಳಿದ ಹೊತ್ತಿಗೆ, ನೋವು ಶುರುವಾಗುವ ಮೊದಲೇ ಕೊಡುತ್ತಾ ಬರುವುದು ಆ ರಾತ್ರಿಗಾಗಿಯೇ.